ವಿಜಯಪುರದಿಂದ ಬಾದಾಮಿಗೆ: ಹೊತ್ತು ನೋಡಿ ಬೈಕ್ ಓಡಿಸಿದ ಒಂದು ದಿನ

ಒಬ್ಬನೇ ಬೈಕಿನಲ್ಲಿ ಊರೂರು ಸುತ್ತುತ್ತೇನೆ ಎಂದರೆ ಎದುರಿನವರು ಮೊದಲು ಕೇಳುವುದು ಒಂದೇ: ‘ದಿನಕ್ಕೆ ಎಷ್ಟು ಕಿಲೋಮೀಟರ್ ಹೊಡೀತೀರಾ?’ ಐನೂರು, ಆರುನೂರು ಎಂಬ ಉತ್ತರಕ್ಕೆ ಕಿವಿ ತೆರೆದಿರುತ್ತಾರೆ. ಇನ್ನೂರರ ಒಳಗೆ ಎಂದಾಗ ಅವರ ಉತ್ಸಾಹ ಇಳಿಯುವುದು ಮುಖದಲ್ಲೇ ಕಾಣುತ್ತದೆ. ನಾನು ದಿನವನ್ನು ಕಿಲೋಮೀಟರಿನಲ್ಲಿ ಲೆಕ್ಕ ಹಾಕುವುದನ್ನು ಬಿಟ್ಟು ಬಹಳ ಕಾಲವಾಯಿತು. ಸೂರ್ಯ ಎಷ್ಟು ಹೊತ್ತಿಗೆ ಎಲ್ಲಿರುತ್ತಾನೆ, ರಸ್ತೆ ಯಾವ ದಿಕ್ಕಿಗೆ ಮುಖ ಮಾಡಿದೆ, ಕತ್ತಲಾದ ಮೇಲೆ ಆ ಸೀಮೆಯ ರಸ್ತೆಗೆ ಏನೇನು ಬಂದು ಸೇರುತ್ತದೆ, ಇಷ್ಟು ಗೊತ್ತಾದರೆ ಆ ದಿನದ ದೂರ ತಾನಾಗಿ ನಿಗದಿಯಾಗುತ್ತದೆ.

ಜನವರಿಯಲ್ಲಿ ಹಾಸನದಿಂದ ಬೀದರ್‌ವರೆಗೆ ಹೋಗಿ ಬೇರೆ ದಾರಿಯಲ್ಲಿ ವಾಪಸು ಬರುತ್ತಿದ್ದಾಗಿನ ಒಂದು ದಿನವನ್ನು ಬರೆಯುತ್ತೇನೆ. ವಿಜಯಪುರದಲ್ಲಿ ರಾತ್ರಿ ತಂಗಿದ್ದೆ, ಸಂಜೆಗೆ ಬಾದಾಮಿ ಸೇರಬೇಕಿತ್ತು. ಬಸವನ ಬಾಗೇವಾಡಿ, ನಿಡಗುಂದಿ, ಆಲಮಟ್ಟಿ, ಕೂಡಲಸಂಗಮ, ಹುನಗುಂದ, ಅಮೀನಗಡ, ಐಹೊಳೆ, ಪಟ್ಟದಕಲ್ಲು, ಕೊನೆಗೆ ಬಾದಾಮಿ. ಬಾಗಲಕೋಟೆ ಮೇಲೆ ನೇರ ಹೋಗುವುದಕ್ಕಿಂತ ಇದು ಸುತ್ತು. ಸುತ್ತಲೆಂದೇ ಬಂದವನಿಗೆ ಅದು ತಕರಾರಲ್ಲ.

ಗಾಡಿ 97.2 ಸಿಸಿಯ ಸ್ಪ್ಲೆಂಡರ್. ಇದರಲ್ಲಿ ಇಷ್ಟು ದೂರವೇ ಎಂದು ಹುಬ್ಬೇರಿಸುವವರಿಗೆ ನನ್ನದು ಒಂದೇ ಉತ್ತರ. ಹುನಗುಂದದಲ್ಲಾಗಲಿ ಹುಮನಾಬಾದಿನಲ್ಲಾಗಲಿ ಇದರ ಕ್ಲಚ್ ಕೇಬಲ್ ಸಿಗದ ಅಂಗಡಿ ಇಲ್ಲ, ಇದನ್ನು ಬಿಚ್ಚಲು ಬಾರದ ಮೆಕ್ಯಾನಿಕ್ ಇಲ್ಲ. 9.8 ಲೀಟರಿನ ಟ್ಯಾಂಕ್ ತುಂಬಿಸಿಕೊಂಡರೆ ಎರಡು ದಿನ ಪೆಟ್ರೋಲ್ ಬಂಕಿನ ಯೋಚನೆಯೇ ಬೇಡ. ಹೆಡ್‌ಲೈಟಿನಲ್ಲಿರುವುದು ಮಾತ್ರ 35 ವಾಟಿನ ಬಲ್ಬು. ಊರೊಳಗೆ ಓಡಾಡಲು ಅದು ಧಾರಾಳ. ಬಯಲುಸೀಮೆಯ ಕತ್ತಲಲ್ಲಿ ಎದುರಿನ ಲಾರಿ ಹೈಬೀಮ್ ಹಾಕಿಕೊಂಡು ಬರುವಾಗ ಅದನ್ನೇ ನೆಚ್ಚಿಕೊಳ್ಳಲು ನನಗೆ ಮನಸ್ಸಿಲ್ಲ. ಆದ್ದರಿಂದ ರಾತ್ರಿ ಓಡಿಸುವುದಿಲ್ಲ.

ಜನವರಿಯಲ್ಲಿ ಆ ಕಡೆ ರಾತ್ರಿ ಓಡಿಸದಿರಲು ಇನ್ನೂ ದೊಡ್ಡ ಕಾರಣವಿದೆ. ನವೆಂಬರಿನಿಂದ ಮಾರ್ಚ್‌ವರೆಗೆ ಕಬ್ಬು ಅರೆಯುವ ಕಾಲ. ವಿಜಯಪುರ, ಬಾಗಲಕೋಟೆ, ಬೆಳಗಾವಿ ಜಿಲ್ಲೆಗಳ ರಸ್ತೆಗಳಲ್ಲಿ ಒಂದು ಟ್ರ್ಯಾಕ್ಟರಿಗೆ ಎರಡೆರಡು ಡಬ್ಬಿ, ಅಂದರೆ ಟ್ರೇಲರ್, ಕಟ್ಟಿಕೊಂಡು ಕಬ್ಬು ಕಾರ್ಖಾನೆಗೆ ಹೋಗುತ್ತದೆ. ಕಬ್ಬು ಡಬ್ಬಿಯ ಅಗಲಕ್ಕಿಂತ ಎರಡೂ ಬದಿಗೆ ಚಾಚಿರುತ್ತದೆ. ಹಿಂದೆ ದೀಪವಿದ್ದರೂ ನೇತಾಡುವ ಸೋಗೆಯಲ್ಲಿ ಮುಚ್ಚಿಹೋಗಿರುತ್ತದೆ. ಕೆಲವು ಗಾಡಿಗೆ ಪ್ರತಿಫಲಕದ ಪಟ್ಟಿ ಅಂಟಿಸಿರುತ್ತಾರೆ, ಕೆಲವಕ್ಕೆ ಅದೂ ಇಲ್ಲ. ಕತ್ತಲಲ್ಲಿ ಹಿಂದಿನಿಂದ ಬರುವವನಿಗೆ ಅದು ಇನ್ನೊಂದಿಷ್ಟು ಕತ್ತಲೆಯಾಗಿಯೇ ಕಾಣುತ್ತದೆ.

ಹಾಗಾದರೆ ಬೆಳಗಾಗುತ್ತಲೇ ಹೊರಟು ಸಂಜೆಯವರೆಗೆ ಓಡಿಸಿದರಾಯಿತಲ್ಲ ಎನಿಸಬಹುದು. ಅಲ್ಲಿ ಸೂರ್ಯನ ಕಾಟ. ಚಳಿಗಾಲದಲ್ಲಿ ಸೂರ್ಯ ಹುಟ್ಟುವುದು ನೇರ ಪೂರ್ವದಲ್ಲಲ್ಲ, ಆಗ್ನೇಯಕ್ಕೆ ಸರಿದಿರುತ್ತಾನೆ. ಮುಳುಗುವುದು ನೈಋತ್ಯಕ್ಕೆ ಸರಿದು. ವಿಜಯಪುರದಿಂದ ಬಸವನ ಬಾಗೇವಾಡಿ ಇರುವುದು ಸರಿಯಾಗಿ ಆಗ್ನೇಯಕ್ಕೆ. ಐಹೊಳೆಯಿಂದ ಬಾದಾಮಿ ನೈಋತ್ಯಕ್ಕೆ. ಅಂದರೆ ದಿನದ ಮೊದಲ ತುಂಡು, ಕೊನೆಯ ತುಂಡು ಎರಡರಲ್ಲೂ ಬಿಸಿಲು ಕಣ್ಣಿಗೇ ಹೊಡೆಯುವಂತಿತ್ತು.

ಬಿಸಿಲು ಕಣ್ಣಿಗೆ ಹೊಡೆದರೆ ನಮಗೆ ರಸ್ತೆ ಕಾಣದು ಎಂಬುದು ಎಲ್ಲರಿಗೂ ಗೊತ್ತು. ಅದಕ್ಕಿಂತ ಅಪಾಯದ ಸಂಗತಿ ಬೆನ್ನಿನ ಹಿಂದೆ ಇರುತ್ತದೆ. ನಮ್ಮ ಹಿಂದೆ ಬರುತ್ತಿರುವ ಬಸ್ಸು, ಜೀಪಿನ ಚಾಲಕ ಕೂಡ ಅದೇ ಬಿಸಿಲನ್ನು ನೋಡುತ್ತಿರುತ್ತಾನೆ, ಧೂಳು ಹಿಡಿದ ಗಾಜಿನ ಮೂಲಕ. ಅವನಿಗೆ ಮುಂದೆ ಹೋಗುತ್ತಿರುವ ಬೈಕು ಕಾಣುವುದೇ ಇಲ್ಲ. ನಾನು ಕಣ್ಣು ಕಿರಿದು ಮಾಡಿ ಎಷ್ಟೇ ಎಚ್ಚರದಿಂದ ಓಡಿಸಿದರೂ ಅವನ ಕಣ್ಣಿಗೆ ನಾನು ಏನೂ ಮಾಡಲಾರೆ. ಆ ಹೊತ್ತಿನಲ್ಲಿ ಆ ದಿಕ್ಕಿಗೆ ಹೋಗದಿರುವುದು ಮಾತ್ರ ನನ್ನ ಕೈಯಲ್ಲಿದೆ.

ಜನವರಿ ನಡುವೆ ವಿಜಯಪುರದಲ್ಲಿ ಸೂರ್ಯ ಹುಟ್ಟುವುದು ಹೆಚ್ಚುಕಡಿಮೆ ಏಳಕ್ಕೆ, ಮುಳುಗುವುದು ಆರೂಕಾಲರ ಆಸುಪಾಸಿಗೆ. ಎರಡೂ ತುದಿಯಿಂದ ಒಂದೊಂದು ಗಂಟೆ ಕಳೆದರೆ ನನಗೆ ಉಳಿಯುವುದು ಎಂಟರಿಂದ ಐದು. ಊಟ, ತಿಂಡಿ, ನೋಡುವುದು, ನಿಲ್ಲುವುದು, ಕೈಕೊಡುವುದು ಎಲ್ಲ ಇದರೊಳಗೇ. ಊರೂರಿನ ಉಬ್ಬು, ದನ, ಸಂತೆ ಎಲ್ಲ ಸೇರಿ ಸಣ್ಣ ರಸ್ತೆಯಲ್ಲಿ ಗಂಟೆಗೆ ಮೂವತ್ತು ಎಂದು ಹಿಡಿಯುತ್ತೇನೆ. ಅದರ ಮೇಲೆ ಒಂದೂವರೆ ಗಂಟೆ ಯಾವುದಕ್ಕೂ ಹಂಚದೆ ಇಟ್ಟುಕೊಂಡಿರುತ್ತೇನೆ. ಅಂದು ಆ ಒಂದೂವರೆ ಗಂಟೆ ಹೇಗೆ ಕರಗಿತು ಎಂಬುದು ಮುಂದೆ ಬರುತ್ತದೆ.

ಬೆಳಿಗ್ಗೆ ಏಳಕ್ಕೆ ಲಾಡ್ಜಿನ ಅಂಗಳದಲ್ಲಿ ಗಾಡಿಯ ಮುಂದೆ ಕುಕ್ಕರಗಾಲಲ್ಲಿ ಕೂತೆ. ಟೈರ್ ತಣ್ಣಗಿರುವಾಗಲೇ ಗಾಳಿ ನೋಡಬೇಕು, ಹತ್ತು ಕಿಲೋಮೀಟರ್ ಓಡಿದ ಮೇಲೆ ನೋಡಿದರೆ ಗೇಜು ಹೆಚ್ಚು ತೋರಿಸುತ್ತದೆ. ಚೈನ್ ಕವರಿನ ರಬ್ಬರ್ ಮುಚ್ಚಳ ತೆಗೆದು ಬೆರಳಲ್ಲಿ ಎತ್ತಿ ನೋಡಿದೆ, ಎರಡು ಮೂರು ಸೆಂಟಿಮೀಟರ್ ಆಡಿದರೆ ಸರಿ. ಸಾಮಾನು ಹೊತ್ತ ಗಾಡಿಯಲ್ಲಿ ತೀರಾ ಬಿಗಿ ಚೈನ್ ಕೆಟ್ಟದ್ದು. ಬ್ರೇಕ್ ಲೈಟ್ ನೋಡಲು ಒಬ್ಬಂಟಿಗೆ ಒಂದು ಉಪಾಯವಿದೆ: ಹಿಂಭಾಗ ಗೋಡೆಗೆ ಬರುವಂತೆ ನಿಲ್ಲಿಸಿ ಬ್ರೇಕ್ ಒತ್ತಿದರೆ ಗೋಡೆ ಕೆಂಪಾಗಬೇಕು. ಮುಂದಿನದು, ಹಿಂದಿನದು ಎರಡನ್ನೂ ಒತ್ತಿ ನೋಡಬೇಕು. ಇಷ್ಟಕ್ಕೆ ಹತ್ತು ನಿಮಿಷ. ಆಮೇಲೆ ಟ್ಯಾಂಕಿನ ಮೇಲೆ ಒಂದು ಕಾಗದದ ಪಟ್ಟಿ ಅಂಟಿಸಿದೆ. ಅದರಲ್ಲಿ ಊರುಗಳ ಹೆಸರು, ಪಕ್ಕದಲ್ಲಿ ಯಾವ ಊರು ಎಷ್ಟು ಹೊತ್ತಿಗೆ ಎಂಬುದು. ಫೋನಿನ ನಕ್ಷೆ ದಾರಿ ತೋರಿಸುತ್ತದೆ. ‘ಹುನಗುಂದ – 12.30’ ಎಂದು ನನ್ನದೇ ಅಕ್ಷರದಲ್ಲಿ ಬರೆದದ್ದು ಕಣ್ಣೆದುರು ಇದ್ದರೆ ಎಲ್ಲೂ ಸುಮ್ಮನೆ ಕೂತು ಹರಟಲು ಮನಸ್ಸು ಬರುವುದಿಲ್ಲ. ಹೆಲ್ಮೆಟ್ಟಿನ ಗಾಜಿನ ಮೇಲಂಚಿಗೆ ಎರಡು ಬೆರಳಗಲ ಕಪ್ಪು ಇನ್ಸುಲೇಶನ್ ಟೇಪ್ ಅಂಟಿಸಿದ್ದೇನೆ. ತಲೆ ಸ್ವಲ್ಪ ಬಗ್ಗಿಸಿದರೆ ಸೂರ್ಯ ಅದರ ಹಿಂದೆ ಅಡಗುತ್ತಾನೆ, ರಸ್ತೆ ಕೆಳಗೆ ಕಾಣುತ್ತದೆ. ಹತ್ತು ರೂಪಾಯಿಯ ಟೇಪಿನಷ್ಟು ಉಪಕಾರ ನನಗೆ ದುಬಾರಿ ಕನ್ನಡಕವೂ ಮಾಡಿಲ್ಲ.

ಎಂಟಕ್ಕೆ ಹೊರಟೆ. ಮನಗೂಳಿಯವರೆಗೆ ಹೆದ್ದಾರಿ, ಅಲ್ಲಿಂದ ಎಡಕ್ಕೆ ಬಸವನ ಬಾಗೇವಾಡಿಯ ರಸ್ತೆ. ಹೆದ್ದಾರಿಯ ಬಗ್ಗೆ ಹೇಳುವುದೇನೂ ಇಲ್ಲ. ಎಡಕ್ಕೆ ಹೊರಳಿದ ಮೇಲೆಯೇ ಸೀಮೆ ಕಣ್ಣಿಗೆ ಬೀಳುವುದು: ಎರಿ (ಕಪ್ಪು ಮಣ್ಣಿನ) ಹೊಲದಲ್ಲಿ ಎದೆಮಟ್ಟ ಜೋಳ, ನಡುನಡುವೆ ಕಡಲೆ, ಕಟಾವಾದ ತೊಗರಿಯ ಗೂಡು. ರಸ್ತೆಯಂಚಿನಲ್ಲಿ ತೊಗರಿ ರಾಶಿ ಮಾಡುವ ಯಂತ್ರವೊಂದು ಹೊಟ್ಟು ಉಗುಳುತ್ತಿತ್ತು. ಗಾಳಿ ರಸ್ತೆಯ ಕಡೆಗಿತ್ತು. ಇಂಥಲ್ಲಿ ದೂರದಿಂದಲೇ ವೇಗ ಇಳಿಸಿ, ಹೆಲ್ಮೆಟ್ ಗಾಜು ಪೂರ್ತಿ ಮುಚ್ಚಿ ದಾಟಬೇಕು, ಆ ಹೊಟ್ಟು ಕಣ್ಣಿಗೆ ಹೊಕ್ಕರೆ ಒಂದು ಗಂಟೆ ಉರಿ. ಕಾಳು ಬಿಡಿಸಲೆಂದು ಪೈರನ್ನೇ ರಸ್ತೆಗೆ ಹಾಸಿದ್ದರೆ ಇನ್ನೂ ಕಷ್ಟ. ಹುರುಳಿ ಹಾಸಿದ ರಸ್ತೆ ನಮ್ಮ ಹಾಸನದ ಕಡೆಯೂ ಉಂಟು. ಅದರ ಮೇಲೆ ಬ್ರೇಕ್ ಮುಟ್ಟಬಾರದು, ಹ್ಯಾಂಡಲ್ ತಿರುಗಿಸಬಾರದು. ಮೊದಲೇ ಗೇರ್ ಇಳಿಸಿಕೊಂಡು ನೆಟ್ಟಗೆ ನಡೆಸಿಬಿಡಬೇಕು.

ಬಸವನ ಬಾಗೇವಾಡಿ ಬಸವಣ್ಣನವರು ಹುಟ್ಟಿದ ಊರು. ಗುಡಿಗೆ ಹೋಗಿ ಬಂದು ಬಸ್ ನಿಲ್ದಾಣದ ಹತ್ತಿರ ಚುರಮರಿ ಸೂಸಲಾ, ಎರಡು ಮಿರ್ಚಿ ಭಜಿ ತಿಂದೆ. ಸೂಸಲಾ ಬೈಕಿನವನಿಗೆ ಒಳ್ಳೆಯ ತಿಂಡಿ, ಹೊಟ್ಟೆ ತುಂಬುತ್ತದೆ, ನಿದ್ದೆ ತರುವುದಿಲ್ಲ. ಮಿರ್ಚಿಯ ಬಗ್ಗೆ ಅದೇ ಮಾತು ಹೇಳಲಾರೆ, ಆದರೂ ಬಿಡಲಾಗಲಿಲ್ಲ.

ನಿಡಗುಂದಿಯ ಕಡೆಗೆ ಇಳಿಯುತ್ತ ಹೋದಂತೆ ಕಾಲುವೆ ನೀರು ಮುಟ್ಟಿದ ಹೊಲಗಳು ಶುರುವಾಗುತ್ತವೆ, ಜೊತೆಗೆ ಕಬ್ಬು. ಹಗಲಿನಲ್ಲಿ ಕಬ್ಬಿನ ಟ್ರ್ಯಾಕ್ಟರ್ ಕಾಣುತ್ತದೆ ಎಂಬುದೊಂದು ನೆಮ್ಮದಿ, ಆದರೂ ಹಿಂದೆ ಹಾಕಲು ಒಂದು ರೀತಿ ಇದೆ. ಮುಂದಿನ ಡಬ್ಬಿ ಎತ್ತ ಹೋಗುತ್ತದೋ ಹಿಂದಿನದು ಅತ್ತಲೇ ಹೋಗುತ್ತದೆ ಎಂದು ನಂಬಬಾರದು. ಗುಂಡಿ ಸಿಕ್ಕರೆ ಅದು ಪಕ್ಕಕ್ಕೆ ಒಂದು ಮಾರು ಬೀಸುತ್ತದೆ. ಏರು ಬಂದಾಗ ಟ್ರ್ಯಾಕ್ಟರಿನ ಮುಂದಿನ ಗಾಲಿ ಹಗುರಾಗುತ್ತದೆ, ಒಮ್ಮೊಮ್ಮೆ ನೆಲ ಬಿಟ್ಟು ಎದ್ದೇಬಿಡುತ್ತದೆ, ಆಗ ಸ್ಟಿಯರಿಂಗ್ ಇದ್ದೂ ಇಲ್ಲದಂತೆ. ಆದ್ದರಿಂದ ಏರಿನಲ್ಲಿ ಹಿಂದೆ ಹಾಕುವುದಿಲ್ಲ. ಹಾರ್ನ್ ಬಾರಿಸಿದರೆ ಕೇಳುವುದೂ ಇಲ್ಲ, ಹೆಚ್ಚಿನ ಟ್ರ್ಯಾಕ್ಟರುಗಳಲ್ಲಿ ಹಾಡು ಊರಿಗೇ ಕೇಳುವಷ್ಟು ಜೋರು. ಎದುರು ರಸ್ತೆ ಪೂರ್ತಿ ಖಾಲಿ ಕಾಣುವವರೆಗೆ ಹಿಂದೆಯೇ, ಸೋಗೆ ಉದುರಿದರೆ ಮೈಮೇಲೆ ಬೀಳದಷ್ಟು ಅಂತರದಲ್ಲಿ ಇರುತ್ತೇನೆ. ಇನ್ನೊಂದು ಸಂಗತಿ, ಕಬ್ಬಿನ ಹೊಲದಿಂದ ಟ್ರ್ಯಾಕ್ಟರ್ ರಸ್ತೆಗೆ ಏರುವ ಜಾಗ. ಹಸಿ ಎರಿಮಣ್ಣು ಗಾಲಿಗೆ ಮೆತ್ತಿಕೊಂಡು ಬಂದು ಡಾಂಬರಿನ ಮೇಲೆ ಹರಡಿರುತ್ತದೆ. ಒಣಗಿದ್ದರೆ ಪರವಾಗಿಲ್ಲ, ಹಸಿಯಿದ್ದರೆ ಅದು ಸಾಬೂನು. ಮಳೆಯಿಲ್ಲದ ಜನವರಿಯಲ್ಲೂ ಜಾರಿ ಬೀಳಲು ಸಾಧ್ಯ ಎಂಬುದು ನಮ್ಮ ಕಡೆಯ ಕೆಂಪುಮಣ್ಣಿನವರಿಗೆ ಹೊಳೆಯುವುದಿಲ್ಲ.

ಆಲಮಟ್ಟಿಯಲ್ಲಿ ಹೆಚ್ಚು ನಿಲ್ಲಲಿಲ್ಲ. 1964ರಲ್ಲಿ ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಅಡಿಗಲ್ಲಿಟ್ಟ ಅಣೆಕಟ್ಟು ಇದು, 26 ಗೇಟು. ಮಳೆಗಾಲದಲ್ಲಿ ಗೇಟು ತೆರೆದಾಗ ನೋಡಲು ಜಾತ್ರೆ ಸೇರುತ್ತದೆ, ಜನವರಿಯಲ್ಲಿ ಎಲ್ಲ ಮುಚ್ಚಿ ಶಾಂತ. ಇಲ್ಲಿ ಬೈಕಿನವರಿಗೆ ಹೇಳಬೇಕಾದ ವಿಷಯ ಬೇರೆ ಇದೆ. ಹಿನ್ನೀರಿಗೆ ಮುಳುಗಡೆಯಾದ ಹಳ್ಳಿಗಳು ಹೊಸ ಜಾಗದಲ್ಲಿ ಅದೇ ಹೆಸರಿನಲ್ಲಿ ಕೂತಿವೆ. ಪುನರ್ವಸತಿ ಕೇಂದ್ರ ಎಂಬ ಹಲಗೆ ಅಲ್ಲಲ್ಲಿ ಕಾಣುತ್ತದೆ. ಫೋನಿನ ನಕ್ಷೆಯಲ್ಲಿ ಒಂದೇ ಹೆಸರು ಎರಡು ಕಡೆ ಸಿಕ್ಕರೆ ಗಾಬರಿಯಾಗಬೇಡಿ, ಒಂದು ಹಳೆಯದು, ಒಂದು ಹೊಸದು. ಹಳೆಯದನ್ನು ಆರಿಸಿಕೊಂಡರೆ ದಾರಿ ನೀರಿನಂಚಿಗೆ ಹೋಗಿ ನಿಲ್ಲುತ್ತದೆ. ಇಂಥ ಕಡೆ ನಕ್ಷೆ ಬಿಟ್ಟು ಬಾಯಿಂದ ಕೇಳುವುದೇ ಸರಿ.

ಕೃಷ್ಣೆಯ ಸೇತುವೆ ದಾಟಿ ಕೂಡಲಸಂಗಮದ ಕಡೆ ತಿರುಗಿದ ಮೇಲೆ, ನೀರು ಕುಡಿಯಲು ರಸ್ತೆ ಬದಿಯ ನೆರಳಿಗೆ ಗಾಡಿ ಇಳಿಸಿದೆ. ಬದುವಿನಾಚೆ ಹೊಲದಲ್ಲಿ ಹೊಗೆ. ನಾಲ್ಕೈದು ಜನ ಕುಳ್ಳಿನ ಬೆಂಕಿಯ ಸುತ್ತ ಕೂತಿದ್ದರು. ಹಸಿ ಜೋಳದ ತೆನೆ ಕೆಂಡದಲ್ಲಿ ಸುಟ್ಟು ಸೀತನಿ ಮಾಡುತ್ತಿದ್ದರು. ಪಟಗ ಸುತ್ತಿದ ಹಿರಿಯರೊಬ್ಬರು ಕೈ ಬೀಸಿ ಕರೆದರು.

‘ಯಾವೂರ್ರಿ ನಿಮ್ದು?’

‘ಹಾಸನ, ಯಜಮಾನ್ರೇ.’

‘ಹಾಸನಾ? ಅಲ್ಲಿಂದ ಇದರ ಮ್ಯಾಲ ಬಂದ್ರ್ಯಾ? ಒಬ್ರ?’

‘ಒಬ್ಬನೇ.’

‘ಮನ್ಯಾಗ ಜಗಳಾಡಿ ಬಂದೀರೇನ್ ಮತ್ತ?’

ಎಲ್ಲರೂ ನಕ್ಕರು. ಬಿಸಿ ತೆನೆಯನ್ನು ಅಂಗೈಯಲ್ಲಿ ತಿಕ್ಕಿ, ಊದಿ, ಹಸಿರು ಕಾಳನ್ನು ಬಟ್ಟೆಯ ಮೇಲೆ ಸುರಿದು ಶೇಂಗಾ ಹಿಂಡಿ, ಬೆಲ್ಲ ಮುಂದಿಟ್ಟರು. ಹೊತ್ತಿನ ಲೆಕ್ಕದಲ್ಲಿ ಇದು ಇರಲಿಲ್ಲ. ಹಂಚದೆ ಇಟ್ಟುಕೊಂಡ ಒಂದೂವರೆ ಗಂಟೆ ಇರುವುದೇ ಇಂಥದಕ್ಕೆ ಎಂದು ಕೂತೆ. ಗುಂಪಾಗಿ ಹೋದಾಗ ಹೀಗೆ ಯಾರೂ ಕರೆಯುವುದಿಲ್ಲ, ಐದಾರು ಗಾಡಿ ಸಾಲಾಗಿ ನಿಂತರೆ ಜನ ದೂರದಿಂದ ನೋಡುತ್ತಾರೆ, ಅಷ್ಟೆ. ಒಬ್ಬನೇ ನಿಂತವನನ್ನು ಮಾತಾಡಿಸದೆ ಬಿಡುವವರು ಆ ಸೀಮೆಯಲ್ಲಿ ಕಡಿಮೆ. ಹಿರಿಯರ ಊರು ಹಿನ್ನೀರಿನಲ್ಲಿ ಹೋಗಿ ಈಗಿನ ಜಾಗಕ್ಕೆ ಬಂದವರಂತೆ. ಅಣೆಕಟ್ಟಿನ ಮಟ್ಟವನ್ನು 519.6 ಮೀಟರಿನಿಂದ 524.256ಕ್ಕೆ ಏರಿಸುವ ವಿಷಯ ಅವರ ಬಾಯಲ್ಲಿ ದಶಮಾಂಶ ಸಮೇತ ಬಂತು. ಪೇಪರಿನಲ್ಲಿ ಓದಿ ಮರೆಯುವ ಸಂಖ್ಯೆ ನನಗೆ ಅದು. ಅವರಿಗೆ ಯಾರ ಹೊಲ ಹೋಗುತ್ತದೆ, ಯಾರದು ಉಳಿಯುತ್ತದೆ ಎಂಬ ಲೆಕ್ಕ. ಹೊರಡುವಾಗ ಒಂದು ಪೊಟ್ಟಣ ಸೀತನಿ ಕಟ್ಟಿಕೊಟ್ಟರು.

ಕೂಡಲಸಂಗಮದಲ್ಲಿ ಕೃಷ್ಣೆಗೆ ಮಲಪ್ರಭೆ ಸೇರುತ್ತದೆ. ಕೆಳಗಿನ ನಾರಾಯಣಪುರ ಅಣೆಕಟ್ಟಿನ ಹಿನ್ನೀರು ಇಲ್ಲಿಯವರೆಗೆ ನಿಲ್ಲುವುದರಿಂದ ಬಸವಣ್ಣನವರ ಐಕ್ಯಮಂಟಪದ ಸುತ್ತ ಕಾಂಕ್ರೀಟಿನ ದೊಡ್ಡ ಬಾವಿಯಂಥ ಗೋಡೆ ಎಬ್ಬಿಸಿದ್ದಾರೆ, ಮೆಟ್ಟಿಲಿಳಿದು ನೀರಿನ ಮಟ್ಟಕ್ಕಿಂತ ಕೆಳಗೆ ಹೋಗಿ ನೋಡಬೇಕು. ಬೆಳಿಗ್ಗೆ ಅವರು ಹುಟ್ಟಿದ ಊರಿನಲ್ಲಿ ತಿಂಡಿ, ಮಧ್ಯಾಹ್ನಕ್ಕೆ ಮುಂಚೆ ಐಕ್ಯದ ಜಾಗ. ಬೈಕಿನಲ್ಲಿ ಎರಡೂ ಒಂದೇ ಅರ್ಧ ದಿನಕ್ಕೆ ಮುಗಿಯುತ್ತವೆ ಎಂಬುದು ನನಗೆ ಸ್ವಲ್ಪ ವಿಚಿತ್ರವೆನಿಸಿತು. ಗುಡಿಗಳ ದಾರಿಯಲ್ಲಿ ಹೋಗುವವರು ಲೇಸು ಕಟ್ಟುವ ಎತ್ತರದ ಬೂಟು ಹಾಕಬೇಡಿ. ದಿನಕ್ಕೆ ನಾಲ್ಕು ಸಲ ಬಿಚ್ಚಿ ಕಟ್ಟುವುದರಲ್ಲೇ ಹೊತ್ತು ಹೋಗುತ್ತದೆ. ಗಿಣ್ಣು ಮುಚ್ಚುವ, ಬದಿಗೆ ಜಿಪ್ ಇರುವ ಬೂಟು ಸಾಕು.

ಹುನಗುಂದಕ್ಕೆ ಬಂದಾಗ ಒಂದು ಗಂಟೆ. ಪಟ್ಟಿಯಲ್ಲಿದ್ದದ್ದು ಹನ್ನೆರಡೂವರೆ. ಖಾನಾವಳಿಯ ಮುಂದೆ ಗಾಡಿ ನಿಲ್ಲಿಸುವಾಗ ಹಿಂಭಾಗ ಸ್ವಲ್ಪ ತೇಲಿದಂತಾಯಿತು. ಇಳಿದು ನೋಡಿದರೆ ಹಿಂದಿನ ಟೈರ್ ಅರ್ಧಕ್ಕೆ ಕೂತಿದೆ. ನೀರು ಕುಡಿಯಲು ನಿಲ್ಲಿಸಿದ ನೆರಳು ಬಳ್ಳಾರಿ ಜಾಲಿಯದು. ಉತ್ತರ ಕರ್ನಾಟಕದ ರಸ್ತೆ ಬದಿಯಲ್ಲಿ ಬೇರೆ ನೆರಳು ಸಿಗುವುದೇ ಅಪರೂಪ. ಆ ಮುಳ್ಳು ಮೊಳೆಯಂತೆ ಒಂದೇ ಸಲಕ್ಕೆ ಗಾಳಿ ಇಳಿಸುವುದಿಲ್ಲ, ಟೈರಿನೊಳಗೆ ಕೂತು ನಿಧಾನಕ್ಕೆ ಸುಸ್ತು ಮಾಡುತ್ತದೆ.

ಪಂಚರ್ ಅಂಗಡಿ ಪಕ್ಕದಲ್ಲೇ ಇತ್ತು. ಹುಡುಗ ಟ್ಯೂಬ್ ಎಳೆದು, ನೀರಲ್ಲಿ ಅದ್ದಿ, ಗುಳ್ಳೆ ಹುಡುಕಿ, ತೇಪೆ ಹಾಕಿದ. ಟ್ಯೂಬನ್ನು ವಾಪಸು ತುರುಕುವ ಮೊದಲು ನಾನು ಕೈ ಅಡ್ಡ ಹಿಡಿದೆ. ಜಾಲಿ ಮುಳ್ಳಿನ ತುದಿ ಟೈರಿನೊಳಗೆ ಮುರಿದು ಉಳಿದಿರುತ್ತದೆ, ಹೊರಗಿನಿಂದ ಕಾಣುವುದಿಲ್ಲ. ಅದನ್ನು ತೆಗೆಯದೆ ಟ್ಯೂಬ್ ಹಾಕಿದರೆ ಇನ್ನೈವತ್ತು ಕಿಲೋಮೀಟರಿಗೆ ಮತ್ತೆ ಅದೇ ಕಥೆ. ಹತ್ತಿಬಟ್ಟೆಯ ತುಂಡನ್ನು ಟೈರಿನ ಒಳಮೈಗೆ ಒತ್ತಿ ಸುತ್ತ ಎಳೆದರೆ ಮುಳ್ಳಿರುವಲ್ಲಿ ದಾರ ಸಿಕ್ಕಿಕೊಳ್ಳುತ್ತದೆ. ಬರಿಗೈ ಆಡಿಸಿದರೆ ಬೆರಳಿಗೇ ಚುಚ್ಚುತ್ತದೆ. ಎರಡು ಕಡೆ ಸಿಕ್ಕಿತು. ಒಂದು ಗಾಳಿ ಇಳಿಸಿದ್ದು, ಇನ್ನೊಂದು ಟ್ಯೂಬಿಗೆ ತಾಕಲು ಕಾಯುತ್ತಿದ್ದದ್ದು. ಹುಡುಗ ಇಕ್ಕಳದಲ್ಲಿ ಎರಡನ್ನೂ ಕಿತ್ತ. ನನ್ನ ಚೀಲದಲ್ಲಿ ಹೊಸ ಟ್ಯೂಬ್ ಯಾವಾಗಲೂ ಇರುತ್ತದೆ, ಅದನ್ನೇ ಹಾಕಿಸಿ ತೇಪೆಯದನ್ನು ಮಡಚಿ ಇಟ್ಟುಕೊಂಡೆ. ಅಂಗಡಿ ಇಲ್ಲದ ಕಡೆ ತೇಪೆಯದು ತುರ್ತಿಗೆ ಆಗುತ್ತದೆ.

ಈ ಕೆಲಸ ನಡೆಯುತ್ತಿರುವಾಗಲೇ ಊಟ ಮಾಡಿ ಬಂದಿದ್ದೆ. ಎರಡು ಬಿಸಿ ರೊಟ್ಟಿ, ಎಣ್ಣೆಗಾಯಿ, ಜುಣಕ, ಮೊಸರು, ಹಸಿ ಉಳ್ಳಾಗಡ್ಡಿ, ಹಕ್ಕರಕಿ ಸೊಪ್ಪು. ಬಡಿಸುವ ಅಕ್ಕ ‘ಇನ್ನೊಂದು ರೊಟ್ಟಿ ಹಾಕಿಸ್ಕೊಳ್ರಿ, ಅನ್ನ ಒಲ್ಲೆ ಅಂದ್ರ ಹೆಂಗ’ ಎಂದು ಒತ್ತಾಯಿಸಿದರು. ಗಾಡಿ ಓಡಿಸುವ ದಿನ ಮಧ್ಯಾಹ್ನ ಅನ್ನ ಮುಟ್ಟುವುದಿಲ್ಲ. ಎರಡರಿಂದ ಮೂರರವರೆಗೆ ಒಬ್ಬಂಟಿಗೆ ಬರುವ ತೂಕಡಿಕೆ ಕೆಟ್ಟದ್ದು, ಹಿಂದೆ ಕೂತು ಮಾತಾಡಿಸುವವರು ಇರುವುದಿಲ್ಲ. ಆದರೂ ಬಂದೇ ಬಂತು ಅಂದರೆ ಹಾಡು, ಚಹಾ ಯಾವುದೂ ಉಪಯೋಗವಿಲ್ಲ. ಬಸ್ ತಂಗುದಾಣದ ಕಟ್ಟೆಯ ಮೇಲೆ ಹೆಲ್ಮೆಟ್ ತಲೆಗಿಟ್ಟು ಇಪ್ಪತ್ತು ನಿಮಿಷ ಮಲಗಬೇಕು. ಅಂದು ಪಂಚರ್ ಅಂಗಡಿಯ ಬೆಂಚೇ ಆ ಕೆಲಸಕ್ಕೆ ಒದಗಿತು.

ಹೊರಟಾಗ ಎರಡೂಕಾಲು. ಸೀತನಿ, ಪಂಚರ್, ನಿದ್ದೆ ಸೇರಿ ಹಂಚದೆ ಇಟ್ಟ ಹೊತ್ತೆಲ್ಲ ಮುಗಿದಿತ್ತು. ಟ್ಯಾಂಕಿನ ಮೇಲಿನ ಪಟ್ಟಿ ತೆಗೆದು ಹೊಸದಾಗಿ ಲೆಕ್ಕ ಹಾಕಿದೆ. ಬಾದಾಮಿಗೆ ಐದಕ್ಕೆ ಮುಟ್ಟಲೇಬೇಕು. ಐಹೊಳೆಯಿಂದ ಬಾದಾಮಿ ಮೂವತ್ತೈದು ಕಿಲೋಮೀಟರ್ ಆಸುಪಾಸು, ಅಂದರೆ ಒಂದು ಗಂಟೆಯ ಮೇಲೆ. ಪಟ್ಟದಕಲ್ಲು, ಐಹೊಳೆ ಎರಡಕ್ಕೂ ಹೊತ್ತಿಲ್ಲ. ಇಂಥ ಹೊತ್ತಿನಲ್ಲಿ ಕೈ ತಾನಾಗಿ ಆಕ್ಸಿಲರೇಟರ್ ತಿರುವುತ್ತದೆ. ಹದಿನೈದು ನಿಮಿಷ ಉಳಿಸಿಬಿಡೋಣ ಎನಿಸುತ್ತದೆ. ನಾನು ನೋಡುವ ಜಾಗಗಳನ್ನು ಕಡಿಮೆ ಮಾಡುತ್ತೇನೆ, ವೇಗ ಹೆಚ್ಚಿಸುವುದಿಲ್ಲ. ಪಟ್ಟದಕಲ್ಲು ಬಾದಾಮಿಯಿಂದ 22 ಕಿಲೋಮೀಟರ್, ಮರುದಿನ ಹೋಗಬಹುದು. ಅಂದಿನ ಪಟ್ಟಿಯಿಂದ ಅದನ್ನು ಹೊಡೆದುಹಾಕಿದೆ.

ಅಮೀನಗಡದಲ್ಲಿ ಐದು ನಿಮಿಷ ಮಾತ್ರ, ಕರದಂಟು ಕೊಳ್ಳಲು. ಒಣಕೊಬ್ಬರಿ, ಬೆಲ್ಲ, ಗೋಡಂಬಿ, ಅಂಟು ಹಾಕಿದ ಕರದಂಟು ಬೈಕಿನವನ ಜೇಬಿಗೆ ಹೇಳಿ ಮಾಡಿಸಿದ ತಿನಿಸು: ಬಿಸಿಲಿಗೆ ಕರಗದು, ಪುಡಿಯಾಗದು, ಒಂದು ತುಂಡಿಗೆ ಒಂದೂವರೆ ಗಂಟೆ ಹಸಿವಾಗದು. ಅಲ್ಲಿಂದ ಐಹೊಳೆಯ ರಸ್ತೆಯಲ್ಲಿ ಕುರಿ ಹಿಂಡು ಎದುರಾಯಿತು. ಹಾರ್ನ್ ಬಾರಿಸಿದರೆ ಕುರಿ ಚದುರುವುದಿಲ್ಲ, ಒಂದರ ಮೇಲೊಂದು ಬಿದ್ದು ಗಾಡಿಯ ಕಡೆಗೇ ಬರುತ್ತವೆ. ಬದಿಗೆ ನಿಲ್ಲಿಸಿ ಇಂಜಿನ್ ಆಫ್ ಮಾಡಿದರೆ ಹಿಂಡು ತಾನೇ ಎರಡಾಗಿ ಸುತ್ತಿ ಹೋಗುತ್ತದೆ. ಕೊನೆಗೆ ಬರುವ ನಾಯಿಯೂ ನಿಂತ ಗಾಡಿಯನ್ನು ಅಟ್ಟುವುದಿಲ್ಲ.

ಐಹೊಳೆಯಲ್ಲಿ ಏನು ನೋಡಬೇಕೆಂಬುದನ್ನು ಗಾಡಿಯ ಮೇಲಿನ ಸಾಮಾನು ನಿರ್ಧರಿಸಿತು. ಮನಸ್ಸಿದ್ದದ್ದು ಮೇಗುಟಿಗೆ, ಇಮ್ಮಡಿ ಪುಲಕೇಶಿ ಹರ್ಷನನ್ನು ಸೋಲಿಸಿದ್ದನ್ನು ರವಿಕೀರ್ತಿ ಹಾಡಿದ 634ರ ಶಾಸನ ಇರುವ ಬಸದಿ. ಅದು ಗುಡ್ಡದ ಮೇಲೆ. ಕೆಳಗೆ ಗಾಡಿ, ಗಾಡಿಯ ಮೇಲೆ ಬಟ್ಟೆಯ ಚೀಲ, ಇಬ್ಬರಿದ್ದರೆ ಒಬ್ಬರು ಕಾಯಬಹುದು. ಒಬ್ಬಂಟಿಯ ದೊಡ್ಡ ತೊಂದರೆ ಇದೇ. ಕಾಗದಪತ್ರ, ದುಡ್ಡು, ಔಷಧಿ ಬೆನ್ನಿನ ಚೀಲದಲ್ಲಿ, ಉಳಿದದ್ದು ಹೋದರೂ ಪ್ರಯಾಣ ನಿಲ್ಲಬಾರದು ಎಂಬ ಲೆಕ್ಕದಲ್ಲಿ ಹಂಚಿಕೊಂಡಿರುತ್ತೇನೆ. ಸಾಧಾರಣವಾಗಿ ಎಳನೀರಿನವರ ಹತ್ತಿರ ಒಂದು ಎಳನೀರು ಕುಡಿದು, ‘ಬಂದು ಇನ್ನೊಂದು ಕುಡೀತೀನಿ, ಚೀಲ ನೋಡ್ಕೊಳ್ಳಿ’ ಎಂದು ಹೇಳಿ ಹೋಗುತ್ತೇನೆ. ಇದುವರೆಗೆ ಯಾರೂ ಕೈಬಿಟ್ಟಿಲ್ಲ. ಗುಡ್ಡ ಹತ್ತಿ ಇಳಿಯುವಷ್ಟು ಹೊತ್ತು ಅಂದು ಇರಲಿಲ್ಲವಾದ್ದರಿಂದ ದುರ್ಗ ಗುಡಿಯ ಆವರಣಕ್ಕೆ ಮಾತ್ರ ಹೋದೆ. ಹಿಂಭಾಗ ಆನೆಯ ಬೆನ್ನಿನಂತೆ ದುಂಡಗಿರುವ ಆ ಗುಡಿಯ ಸುತ್ತ ಕಂಬಗಳ ಸಾಲಿನಲ್ಲಿ ಇಳಿಬಿಸಿಲು ಒಳಗೆ ಬಿದ್ದಿತ್ತು. ಮುಕ್ಕಾಲು ಗಂಟೆ ಅಲ್ಲೇ ಕಳೆದೆ, ಲಾಡಖಾನ್ ಗುಡಿಯನ್ನು ದೂರದಿಂದಲೇ ನೋಡಿದೆ.

ನಾಲ್ಕಕ್ಕೆ ಐದು ನಿಮಿಷ ಇರುವಾಗ ಹೊರಟೆ. ಪಟ್ಟದಕಲ್ಲು ಬಲವಂತವಾಗಿ ಕಣ್ಣು ತಪ್ಪಿಸಿಕೊಂಡೇ ದಾಟಿದೆ. ಆಮೇಲೆ ಬಿಸಿಲು ಎದುರಾಗತೊಡಗಿತು. ಇನ್ನೂ ಟೇಪಿನ ಪಟ್ಟಿಯ ಹಿಂದೆ ಅಡಗುವಷ್ಟು ಮೇಲಿತ್ತು. ಹಿಂದೆ ಬರುವವರಿಗೆ ಕಾಣಲೆಂದು ಬ್ರೇಕನ್ನು ಆಗಾಗ ಸ್ವಲ್ಪ ಮುಟ್ಟಿ ದೀಪ ಹೊತ್ತಿಸುತ್ತ ಹೋದೆ. ಬನಶಂಕರಿ ಜಾತ್ರೆಯ ದಿನಗಳು, ಎತ್ತಿನ ಗಾಡಿ, ಟ್ರ್ಯಾಕ್ಟರ್, ಜೀಪು ಎಲ್ಲ ಬಾದಾಮಿಯ ಕಡೆಗೇ. ಐದಕ್ಕೆ ಇನ್ನೂ ನಾಲ್ಕೈದು ನಿಮಿಷ ಇರುವಾಗ ಬಾದಾಮಿಯ ಲಾಡ್ಜಿನ ಮುಂದೆ ಸ್ಟ್ಯಾಂಡ್ ಹಾಕಿದೆ. ಮನೆಗೆ ಫೋನ್ ಮಾಡಿದೆ. ಆರರೊಳಗೆ ನನ್ನ ಫೋನ್ ಬರದಿದ್ದರೆ ಮನೆಯವಳು ಹಿಂದಿನ ರಾತ್ರಿಯ ಲಾಡ್ಜಿಗೆ ಮೊದಲು, ಮುಂದಿನ ಲಾಡ್ಜಿಗೆ ಆಮೇಲೆ ಫೋನ್ ಮಾಡುತ್ತಾಳೆ ಎಂಬ ಒಪ್ಪಂದ ನಮ್ಮದು. ಚೈನ್ ಇನ್ನೂ ಬಿಸಿಯಿರುವಾಗಲೇ ನೈಂಟಿ ಆಯಿಲ್ ಬಿಟ್ಟೆ, ಬಿಸಿ ಚೈನಿಗೆ ಎಣ್ಣೆ ಒಳಗಿಳಿಯುತ್ತದೆ, ಬೆಳಿಗ್ಗೆ ತಣ್ಣಗಿರುವಾಗ ಹಾಕಿದ್ದು ದಾರಿಯುದ್ದಕ್ಕೂ ರಿಮ್ಮಿಗೆ ಸಿಡಿಯುತ್ತದೆ. ಚೀಲ ಮಾತ್ರ ಒಂದು ಕ್ಷಣವೂ ಗಾಡಿಯ ಮೇಲೆ ಬಿಡಲಿಲ್ಲ, ಬಾದಾಮಿಯ ಮಂಗಗಳಿಗೆ ಜಿಪ್ ತೆಗೆಯಲು ಬರುತ್ತದೆ. ಸೀತನಿಯ ಪೊಟ್ಟಣ ವಾಸನೆ ಬೇರೆ ಬೀರುತ್ತಿತ್ತು.

ರಾತ್ರಿ ಜಾತ್ರೆಗೆ ಹೋಗಬೇಕಿತ್ತು. ಬನಶಂಕರಿ ಜಾತ್ರೆಗೆ ನಾಟಕ ಕಂಪನಿಗಳು ಬಂದು ಟೆಂಟ್ ಹಾಕುತ್ತವೆ, ಆಟ ಬಿಡುವಷ್ಟರಲ್ಲಿ ನಡುರಾತ್ರಿ ಕಳೆದಿರುತ್ತದೆ. ಬಾದಾಮಿಯಿಂದ ಬರೀ ಐದು ಕಿಲೋಮೀಟರ್. ಆದರೂ ಗಾಡಿ ತೆಗೆಯದೆ ಟಂಟಂ (ಬಾಡಿಗೆ ಆಟೊ) ಹತ್ತಿದೆ. ಚಾಲಕನ ಪಕ್ಕದ ಅರ್ಧ ಸೀಟು ಸಿಕ್ಕಿತು. ಮಾತಿಗೆ ಮಾತು ಬಂದು ಬೈಕಿನಲ್ಲಿ ಬಂದವನೆಂದು ಗೊತ್ತಾಯಿತು.

‘ಗಾಡಿ ಐತಿ ಅಂತೀರಿ, ಮತ್ತ ಟಂಟಂ ಯಾಕ್ರಿ?’

ಕತ್ತಲಲ್ಲಿ ಕಬ್ಬಿನ ಡಬ್ಬಿಯ ಹೆದರಿಕೆ ಎಂದೆ. ಅವನು ನಕ್ಕ. ಹೋದ ಸೀಸನ್ನಿನಲ್ಲಿ ತಾನೂ ಕಬ್ಬಿನ ಟ್ರ್ಯಾಕ್ಟರ್ ಹೊಡೆದವನೇ ಎಂದ. ಕಾರ್ಖಾನೆಯ ಮುಂದೆ ಸಾಲಿನಲ್ಲಿ ಇಡೀ ರಾತ್ರಿ ಕಾಯಬೇಕಾಗುತ್ತಿತ್ತಂತೆ, ಹಾಡು ಜೋರು ಹಾಕುವುದು ನಿದ್ದೆ ಬರಬಾರದೆಂದು.

‘ನಮಗ ಹಿಂದಿಂದು ಏನೂ ಕಾಣಂಗಿಲ್ರಿ. ಎರಡನೇ ಡಬ್ಬಿ ಎಲ್ಲಿ ಐತಿ ಅನ್ನೋದು ಜಗ್ಗಿದಾಗ ಗೊತ್ತಾಗ್ತೈತಿ. ಗಾಡಿಯವ್ರು ಹಿಂದ ಲೈಟ್ ಹೊಡದ್ರ ಕನ್ನಡ್ಯಾಗ ಬರೀ ಕಬ್ಬು ಹೊಳೀತೈತಿ, ಮನಷ್ಯಾ ಕಾಣಂಗಿಲ್ಲ. ನೀವು ಬಲಕ್ಕ ಪೂರ್ತಿ ಹೊರಗ ಬಂದು ನನ್ನ ಗಾಲಿ ಸಮ ಆದಾಗ ಒಮ್ಮಿ ಹಾರ್ನ್ ಹೊಡೀರಿ. ಅದರಕಿಂತ ಮೊದ್ಲ ಹೊಡದ್ರ ವ್ಯರ್ಥ.’

ಇದು ನನಗೆ ಹೊಸದು. ಅದುವರೆಗೆ ನಾನು ಹಿಂದಿನಿಂದಲೇ ಹಾರ್ನ್ ಬಾರಿಸಿ ಅವನು ಬದಿಗೆ ಸರಿಯಲಿ ಎಂದು ಕಾಯುತ್ತಿದ್ದೆ. ಜಾತ್ರೆಯ ದೀಪ ಕಾಣುತ್ತಿದ್ದಂತೆ ಅವನು ಟಂಟಂ ಬದಿಗೆ ಹಾಕಿ, ದುಡ್ಡು ತೆಗೆದುಕೊಂಡು, ಆಟ ಬಿಟ್ಟ ಮೇಲೆ ತಾನು ದೊಡ್ಡ ಟೆಂಟಿನ ಎಡಗಡೆ ನಿಂತಿರುತ್ತೇನೆ, ಬೇರೆಯವರ ಗಾಡಿ ಹತ್ತಬೇಡಿ ಎಂದು ಹೇಳಿ ಹೋದ.